ಬಿದ್ದ ಹಾಗೆ ಮಾಡಿದ ರುಕ್ಮಯ್ಯ

ಅಡಿಕೆ ಮರದಿಂದ ರುಕ್ಮಯ್ಯ ಇಳಿದು ಬಂದರು, ಜಡೆ ಇಳಿಯಲಿಲ್ಲ. ಟಿ.ವಿ.ಯವರು ಅಂಟಿಸಿದ್ದ ಉದ್ದ ಕೂದಲು ಸೋಗೆಗೆ ಸಿಕ್ಕಿ ಮೇಲೆಯೇ ನೇತಾಡುತ್ತಿತ್ತು. ಹಳದಿ ಚೂಡಿದಾರದ ಮೇಲೆ ಬೋಳು ತಲೆ, ನರೆತ ಮೀಸೆ ಕಂಡು, ಶೂಟಿಂಗ್ ನೋಡಲು ಬೆಳ್ತಂಗಡಿಯ ಆ ತೋಟದಲ್ಲಿ ಸೇರಿದ್ದ ಊರೆಲ್ಲ ಹೋ ಎಂದಿತು. ಹೆಂಡತಿ ದಮಯಂತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರೋ ಅತ್ತರೋ ತಿಳಿಯಲಿಲ್ಲ.

ಅದು ೨೦೦೮ರ ಏಪ್ರಿಲ್. ಧೈರ್ಯ ಪರೀಕ್ಷಿಸುವ ರಿಯಾಲಿಟಿ ಶೋ. ಬೆಂಗಳೂರಿನ ಸ್ಪರ್ಧಿ ಹುಡುಗಿ ಮರದಿಂದ ಮರಕ್ಕೆ ದಾಟಬೇಕಿತ್ತು. ನಾಲ್ಕಡಿ ಹತ್ತಿ ಅಳುತ್ತ ಇಳಿದಳು. ಟಿ.ವಿ.ಯವರಿಗೆ ಅಷ್ಟು ಸಾಕು: ಮುಖ ಅವಳದ್ದು, ಉಳಿದದ್ದೆಲ್ಲ ರುಕ್ಮಯ್ಯನವರದ್ದು. ಹೆಸರಿಗೆ ರಿಯಾಲಿಟಿ, ಒಳಗೆಲ್ಲ ರಿಯಾಯಿತಿ.

ಕಾಲಿಗೆ ಹಗ್ಗದ ತಳೆ ಹಾಕಿ ಹತ್ತಿ, ಮರವನ್ನು ತೂಗಿ ಬಾಗಿಸಿ, ಪಕ್ಕದ ಮರ ಹಿಡಿದು ದಾಟುವುದು ರುಕ್ಮಯ್ಯನವರ ದಿನದ ಕೆಲಸ. ಬೆಳಿಗ್ಗೆ ಹತ್ತಿದರೆ ಊಟಕ್ಕೇ ನೆಲ ಮುಟ್ಟುವುದು. ಮೂವತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಬಿದ್ದಿರಲಿಲ್ಲ. ಅವರ ಬಳಿ ಇದ್ದ ಸರ್ಟಿಫಿಕೇಟು ಅದೊಂದೇ. ತೋಟದ ಧನಿ ಧರ್ಣಪ್ಪ ಗೌಡರು ಒಮ್ಮೆ ಬಿದ್ದವನನ್ನು ಮತ್ತೆ ಮರಕ್ಕೆ ಹತ್ತಿಸುತ್ತಿರಲಿಲ್ಲ. ಸೊಪ್ಪು ಹೊರಲು ಕರೆಯುತ್ತಿದ್ದರು, ಅರ್ಧ ಸಂಬಳಕ್ಕೆ. ಶೂಟಿಂಗ್ ದಿನ ಅವರು ಮೂಡಬಿದಿರೆಯ ಮದುವೆಗೆ ಹೋಗಿದ್ದರು.

ಟಿ.ವಿ.ಯವರು ಸೊಂಟಕ್ಕೆ ಹಗ್ಗ ಬಿಗಿದು, "ಕೈಬಿಟ್ಟು ಬಿದ್ದ ಹಾಗೆ ಮಾಡಿ" ಎಂದಿದ್ದರು. ರುಕ್ಮಯ್ಯ ನಾಲ್ಕು ಸಲ ಬಿದ್ದು ಹಗ್ಗದಲ್ಲಿ ತೂಗಾಡಿದರು. ನಾಲ್ಕು ಸಲವೂ ಕೆಳಗಿನಿಂದ ಚಪ್ಪಾಳೆ.

ಅಂದಿನಿಂದ ಅವರು ಮರ ಮುಟ್ಟಲಿಲ್ಲ. ಮೊಣಕಾಲು ನೋವು ಎಂದರು. ದಮಯಂತಿ ಎಣ್ಣೆ ತಿಕ್ಕಲು ಕೂತರೆ ಒಂದು ದಿನ ಎಡಗಾಲು ಚಾಚುವುದು, ಮರುದಿನ ಬಲಗಾಲು. ಮಧ್ಯಾಹ್ನ ಮಲಗಿದ್ದಾಗ ಹೊರಗೆ ತೆಂಗಿನ ಗರಿ ಬಿದ್ದರೆ ಎರಡೂ ಕೈಯಲ್ಲಿ ಚಾಪೆ ಹಿಡಿದುಕೊಳ್ಳುತ್ತಿದ್ದರು.

"ನೆಲದಿಂದ ಎಲ್ಲಿಗೆ ಬೀಳ್ತೀರಿ ನೀವು?" ಎಂದು ದಮಯಂತಿ ಬೈದರು.

ಮಳೆಗೆ ಮೊದಲು ಮರ ಹತ್ತಿ ಅಡಿಕೆಗೆ ಕೊಳೆರೋಗದ ಮದ್ದು ಬಿಡಬೇಕು. ಧನಿಗಳು ಎರಡು ಸಲ ಹೇಳಿ ಕಳಿಸಿದರು. ಅಷ್ಟರಲ್ಲಿ ಶೋ ಪ್ರಸಾರವಾಗುವ ಭಾನುವಾರವೂ ಬಂತು.

ಸಂಜೆ ಹಸೈನಾರರ ಅಂಗಡಿಯ ಟಿ.ವಿ. ಮುಂದೆ ಊರೇ ನೆರೆದಿತ್ತು. ಮುಂದಿನ ಬೆಂಚಿನಲ್ಲಿ ಧರ್ಣಪ್ಪ ಗೌಡರು.

"ಬನ್ನಿ ಬನ್ನಿ ರುಕ್ಮಯ್ಯ, ಜಡೆ ಎಲ್ಲಿ ಬಿಟ್ಟು ಬಂದದ್ದು?" ಎಂದರು ಹಸೈನಾರ್.

"ಟಿ.ವಿ. ಆಫ್ ಮಾಡಿ ಸಾಹೇಬ್ರೇ. ಕರೆಂಟು ಹೋಗ್ತದೆ."

"ಹೋದ ಮೇಲೆ ಆಫ್ ಮಾಡುವ ಮಾರಾಯ್ರೆ!"

ಪರದೆಯ ಮೇಲೆ ಹುಡುಗಿಯ ಮುಖ ಅತ್ತಿತು. ಮರುಕ್ಷಣ ಅವಳ ಕಾಲು ಮರವೇರಿತು. "ಅಬ್ಬ, ಬೆಂಗಳೂರಿನವರ ಹಿಮ್ಮಡಿಯೂ ಹೀಗೆ ಒಡೀತದಾ?" ಎಂದು ಯಾರೋ ಅಂದರು. ಜನ ನಕ್ಕರು. ರುಕ್ಮಯ್ಯ ಬೆಂಚಿನ ಅಂಚು ಹಿಡಿದಿದ್ದರು. ಹಣೆಯ ಬೆವರು ಧಾರಾವಾಹಿಯಾಗಿ ಇಳಿಯುತ್ತಿತ್ತು.

ಆಮೇಲೆ ಆ ಬೀಳುವಿಕೆ. ಒಮ್ಮೆ ಸರ್ರನೆ, ಒಮ್ಮೆ ನಿಧಾನವಾಗಿ, ಇನ್ನೊಮ್ಮೆ ನಗಾರಿಯ ಸದ್ದಿನೊಂದಿಗೆ, ಒಂದನ್ನೇ ಮತ್ತೆ ಮತ್ತೆ ತೋರಿಸಿದರು. ಗಾಳಿಯಲ್ಲಿ ಬೆರಳುಗಳು ಇಲ್ಲದ ಮರವನ್ನು ತಡಕುತ್ತಿದ್ದವು. ಜೀವ ಬಾಯಿಗೆ ಬಂದ ಒಂದು ಕೂಗು ಕೇಳಿಸಿತು. ಗಂಡಸಿನ ಗಂಟಲು. ಯಾರೂ ನಗಲಿಲ್ಲ.

ಧರ್ಣಪ್ಪ ಗೌಡರು ನಿಧಾನವಾಗಿ ಹಿಂದೆ ತಿರುಗಿದರು.

"ರುಕ್ಮಯ್ಯ, ಈಗ ತೋರಿಸಿದ್ರಲ್ಲ, ಅದು ಬಿದ್ದದ್ದಾ, ಬಿದ್ದ ಹಾಗೆ ಮಾಡಿದ್ದಾ?"

"ಎಂತ ಧನಿ ನೀವು, ಅದು ಆಕ್ಟಿಂಗ್!" ಎಂದರು ಹಸೈನಾರ್ ಗಾಬರಿಯಿಂದ. ರುಕ್ಮಯ್ಯ ಹೌದೆಂದು ತಲೆ ಅಲ್ಲಾಡಿಸಿದ್ದರೆ ಸಾಕಿತ್ತು.

"ಮಾಡಿದ್ದು ಮೊದಲಿನ ಮೂರು ಸಲ, ಧನಿ," ಎಂದರು ರುಕ್ಮಯ್ಯ. "ನಿಜದ ಹಾಗೆ ಕಾಣುದಿಲ್ಲ ಅಂತ ಅವರು ಅದನ್ನು ಹಾಕ್ಲೇ ಇಲ್ಲ."