ನಿದ್ದೆ ಹಿಡಿಯುವ ಯಂತ್ರವೂ ಹಾರ್ನಕ್ಕನ ಓದೂ

ಬಸ್ ಡಿಪೋದ ಟೈರ್ ವಿಭಾಗದಲ್ಲಿ ಕೆಲಸ ಮಾಡುವ ಹಾರ್ನಕ್ಕನಿಗೆ ಆ ಹೆಸರನ್ನು ತಂದೆತಾಯಿ ಇಟ್ಟದ್ದಲ್ಲ, ಡಿಪೋದ ಕಿವಿಗಳು ಇಟ್ಟದ್ದು. ಆಕೆ ಒಮ್ಮೆ ಸೀನಿದಾಗ ಕೆಟ್ಟು ನಿಂತಿದ್ದ ಬಸ್ಸೊಂದು ತಾನಾಗಿ ಸ್ಟಾರ್ಟ್ ಆಗಿ ಗೇಟಿನವರೆಗೆ ಹೋಗಿ ಬಂತೆಂದು ಹೇಳುತ್ತಾರೆ. ಗೇಟಿನವರೆಗೆ ಎಂಬುದು ಸ್ವಲ್ಪ ಹೆಚ್ಚಾಯಿತು. ಸ್ಟಾರ್ಟ್ ಆಗಿದ್ದು ಮಾತ್ರ ನಿಜ. ಬೇರೆಯವರಿಗೆ ಸಿಟ್ಟು ಮೂಗಿನ ತುದಿಯಲ್ಲಿದ್ದರೆ, ಹಾರ್ನಕ್ಕನ ಸಿಟ್ಟು ಮೂಗಿಗಿಂತ ನಾಲ್ಕು ಮಾರು ಮುಂದೆ ನಡೆಯುತ್ತಿತ್ತು. ಕಾರ್ಮಿಕ ಸಂಘದವರು ಆಕೆಯನ್ನು ಕಾರ್ಯದರ್ಶಿ ಮಾಡಿದ್ದೂ ಅದಕ್ಕೇ. ಮೈಕಿನ ಬಾಡಿಗೆ ಉಳಿಯುತ್ತದಲ್ಲ.

ಅದೇ ಡಿಪೋದಲ್ಲಿ ಆಕೆಯ ಮೈದುನ ಡ್ರೈವರ್. ಹುಟ್ಟಿನಿಂದಲೂ ಅವನ ರೆಪ್ಪೆಗಳು ಅರ್ಧ ಇಳಿದೇ ಇವೆ, ಹಾಗಾಗಿ ಎಲ್ಲರ ಬಾಯಲ್ಲೂ ಅರೆಗಣ್ಣ. ಶಾಲೆಯಲ್ಲಿ ಕಣ್ಣುಬಿಟ್ಟು ಕೂತಾಗ ನಿದ್ದೆ ಮಾಡುತ್ತಿದ್ದಾನೆಂದು ಮೇಷ್ಟ್ರು ಬಾರಿಸಿದರು. ಮದುವೆಯಲ್ಲಿ ಮಾವ ಬಂದು, "ಅಳಿಯಂದಿರು ಎದ್ದ ಮೇಲೆ ಹೇಳಿ, ಮುಹೂರ್ತ ಮುಂದಕ್ಕೆ ಹಾಕೋಣ" ಎಂದರಂತೆ. ಆದರೂ ಅವನ ಬಸ್ಸು ಇಷ್ಟು ವರ್ಷ ಒಂದು ಸೈಕಲ್ಲಿಗೂ ತಾಗಿರಲಿಲ್ಲ.

ಹೀಗಿರುವಾಗ ಒಂದು ದಿನ ಪ್ರತಿ ಬಸ್ಸಿನ ಸ್ಟೇರಿಂಗಿನ ಎದುರಿಗೂ ಬೆಂಕಿಪೊಟ್ಟಣದಷ್ಟು ದೊಡ್ಡ ಕ್ಯಾಮೆರಾ ಬಂದು ಕೂತಿತು. ಕೃತಕ ಬುದ್ಧಿಮತ್ತೆಯ ಯಂತ್ರವಂತೆ. ಡ್ರೈವರ್ ತೂಕಡಿಸಿದರೆ ಕೀಂಯ್ ಎಂದು ಕಿರುಚುವುದು, ಆಫೀಸಿಗೆ ಚಾಡಿ ಹೇಳುವುದು ಅದರ ಉದ್ಯೋಗ. ಅರೆಗಣ್ಣನನ್ನು ಕಂಡದ್ದೇ ಅದಕ್ಕೆ ಹಬ್ಬವಾಯಿತು. ಗೇಟು ದಾಟುವ ಮೊದಲೇ ಕೀಂಯ್, ಸಿಗ್ನಲ್ಲಿನಲ್ಲಿ ಕೀಂಯ್, ಅವನು ನಕ್ಕರೆ ಎರಡು ಸಲ ಕೀಂಯ್. ಬಸ್ಸಿನೊಳಗೆ ಇಲಿಗಳ ಮೆರವಣಿಗೆ ಹೊರಟಂತಿತ್ತು. ತಿಂಗಳು ತುಂಬುವುದರೊಳಗೆ ಅರೆಗಣ್ಣನನ್ನು ಬಸ್ಸಿನಿಂದ ಇಳಿಸಿ, ಕೈಗೆ ಪೈಪು ಕೊಟ್ಟು, ಬಸ್ ತೊಳೆಯಲು ನಿಲ್ಲಿಸಿದರು. ಶಾಶ್ವತವಾಗಿ ಅಲ್ಲೇ ಇರಬೇಕೋ ಬೇಡವೋ ಎಂಬುದು ಸೋಮವಾರದ ಸಭೆಯಲ್ಲಿ ತೀರ್ಮಾನವಾಗಲಿತ್ತು.

ಹಾರ್ನಕ್ಕ ಜ್ಯಾಕಿ ರಾಡ್ ಕೈಯಲ್ಲಿ ಹಿಡಿದೇ ಮ್ಯಾನೇಜರ್ ಕೋಣೆಗೆ ನುಗ್ಗಿದಳು.

"ಅಕ್ಕೋರೇ, ಅದನ್ನ ಕೆಳಗಿಡಿ," ಎಂದರು ಮ್ಯಾನೇಜರ್. "ಸಿಟ್ಟು ಯಾಕೆ? ಯಂತ್ರದ ಮೇಲೆ ನಿಗಾ ಇಡೋಕೂ ಒಂದು ಸಮಿತಿ ಮಾಡಿದೀವಿ. ಸೋಮವಾರದ ಸಭೆಗೆ ಸಂಘದ ಪರವಾಗಿ ನೀವೇ ಬನ್ನಿ. ಆದ್ರೆ ಓದ್ಕೊಂಡು ಬನ್ನಿ. ಕೃತಕ ಬುದ್ಧಿಮತ್ತೆ ಬಗ್ಗೆ ಬೇಕಾದ ಸಾಮಗ್ರಿ ಎಲ್ಲಾ ಕಳಿಸ್ತೀನಿ."

"ಬೇಕಾದ್ದನ್ನ ಕಳಿಸಿ. ಎಲ್ಲಾ ಬೇಡ."

ಅವರು ಎಲ್ಲಾ ಕಳಿಸಿದರು.

ಹಾರ್ನಕ್ಕನ ಗಂಡ ಟೈಲರ್. ಮೆದುಮಾತಿನವನು, ಗುಂಡಿ ಹೊಲಿಯುವಾಗಲೂ ಬಟ್ಟೆಗೆ ನೋಯದಂತೆ ಸೂಜಿ ಚುಚ್ಚುವ ಜಾತಿ. ಆಕೆ ಬೆಳ್ಳುಳ್ಳಿ ಬಿಡಿಸುತ್ತ ಕೂತರೆ ಅವನು ಒಂದೊಂದೇ ಕಾಗದ ಎತ್ತಿ ಓದಿ ಹೇಳುತ್ತಿದ್ದ.

"ಮನುಕುಲದ ಹಿತಕ್ಕಾಗಿ..."

"ಮುಂದೆ?"

"ಮನುಕುಲದ ಒಳಿತಿಗಾಗಿ..."

"ರೀ, ನಿಮ್ ತಮ್ಮ ಈ ಮನುಕುಲದಲ್ಲಿ ಬರ್ತಾನಾ ಇಲ್ವಾ, ಅಷ್ಟು ನೋಡಿ ಹೇಳಿ."

ಅವನು ಪುಟ ತಿರುವಿದ. "ಡ್ರೈವರ್ ಅನ್ನೋ ಮಾತೇ ಕಾಣ್ತಿಲ್ಲ ಕಣೇ. ಮಂಗಳ ಗ್ರಹ ಮಾತ್ರ ಎರಡು ಕಡೆ ಇದೆ."

ಒಂದು ಪುಸ್ತಕವಂತೂ ಎಷ್ಟು ದಪ್ಪವಿತ್ತೆಂದರೆ, ಬಸ್ಸಿನ ಚಕ್ರಕ್ಕೆ ಅಡ್ಡ ಕೊಟ್ಟರೆ ಇಳಿಜಾರಿನಲ್ಲೂ ಬಸ್ಸು ಕದಲುತ್ತಿರಲಿಲ್ಲ. ಅದರಿಂದ ಆಗಬಹುದಾದ ಉಪಯೋಗವೂ ಅದೊಂದೇ. ಫೋನಿನಲ್ಲಿ 'ಉಪಯುಕ್ತ ಸಂಪನ್ಮೂಲಗಳು' ಎಂಬುದನ್ನು ಒತ್ತಿದರೆ 'ಇನ್ನಷ್ಟು ಉಪಯುಕ್ತ ಸಂಪನ್ಮೂಲಗಳು' ತೆರೆಯುತ್ತಿತ್ತು. ಅದನ್ನು ಒತ್ತಿದರೆ ಸಂಪನ್ಮೂಲ ಹುಡುಕುವುದು ಹೇಗೆಂಬ ಉಪದೇಶ. ಅದನ್ನೂ ಒತ್ತಿದರೆ ಮೊದಲಿನ ಪುಟಕ್ಕೇ ವಾಪಸ್.

"ಊರು ಸುತ್ತೋ ಬಸ್ಸಾದ್ರೂ ನಡುವೆ ಎಲ್ಲಾದ್ರೂ ನಿಲ್ಲುತ್ತೆ!" ಎಂದು ಹಾರ್ನಕ್ಕ ಕೂಗಿದ್ದಕ್ಕೆ ಪಕ್ಕದ ಮನೆಯ ಮಗು ಎದ್ದು ಅಳತೊಡಗಿತು.

ಇದು ಸಾಲದೆಂದು ತರಬೇತಿ ಬೇರೆ. ಕೊಟ್ಟವರು ಯಾರು? ಆ ಯಂತ್ರ ಮಾರಿದ ಕಂಪನಿಯವರೇ. ಹಾರ್ನಕ್ಕ ಎದ್ದು ನಿಂತು, "ಯಂತ್ರ ತಪ್ಪು ಮಾಡಿದ್ರೆ ಯಾರ ಕೊರಳಪಟ್ಟಿ ಹಿಡೀಬೇಕು?" ಎಂದು ಕೇಳಿದಳು. ಹೊಳೆಯುವ ಬೂಟಿನ ಯುವಕ, "ತುಂಬಾ ಒಳ್ಳೆ ಪ್ರಶ್ನೆ ಮೇಡಂ" ಎಂದು ಹೇಳಿ ಮುಂದಿನ ಚಿತ್ರಕ್ಕೆ ಹೋದ. ಕೊನೆಯಲ್ಲಿ ಎಲ್ಲರಿಗೂ ಪ್ರಮಾಣಪತ್ರ ಸಿಕ್ಕಿತು. ಹಾರ್ನಕ್ಕ ಅದನ್ನು ಸೋರುವ ಆಯಿಲ್ ಡಬ್ಬದ ಅಡಿಗೆ ಹಾಸಿದಳು.

ಶನಿವಾರ ಬಂತು. ಸಭೆಗೆ ಎರಡೇ ದಿನ, ಕೈಯಲ್ಲಿ ಏನೂ ಇರಲಿಲ್ಲ. ಮುನಿಸಿಪಾಲಿಟಿ ಗ್ರಂಥಾಲಯಕ್ಕೆ ಹೋಗಿ, ಆ ಕಾಗದದ ಹೊರೆಯನ್ನು ಲೈಬ್ರರಿಯಮ್ಮನ ಮೇಜಿನ ಮೇಲೆ ಧೊಪ್ಪೆಂದು ಎತ್ತಿ ಹಾಕಿದಳು. ಲೈಬ್ರರಿಯಮ್ಮನಿಗೆ ವರ್ಷವಿಡೀ ನೆಗಡಿ. ಮೂಗೊರೆಸಿಕೊಂಡು ಒಂದೇ ಮಾತು ಕೇಳಿದರು: "ಇದನ್ನಿಟ್ಕೊಂಡು ಏನ್ ಮಾಡ್ಬೇಕು ಅಂತಿದೀರಿ?"

"ಸೋಮವಾರ ಬೈಬೇಕು."

"ಬೈಯೋಕೆ ಪುಸ್ತಕ ಯಾಕಮ್ಮ, ನಿಮಗೆ ದೇವರು ಗಂಟಲು ಕೊಟ್ಟಿದಾನೆ. ಬೈದಾದ ಮೇಲೆ, ಮಂಗಳವಾರ ಡಿಪೋದಲ್ಲಿ ಏನು ಬದಲಾಗಿರ್ಬೇಕು? ಅದನ್ನ ಹೇಳಿ."

ಹಾರ್ನಕ್ಕ ಕುರ್ಚಿ ಎಳೆದು ಕೂತಳು. ಇಷ್ಟು ದಿನ ಕಾಗದ ಕೊಟ್ಟವರೆಲ್ಲ ಇದನ್ನೊಂದು ಕೇಳದೆ ಬೇರೆಲ್ಲ ಹೇಳಿದ್ದರು.

"ಆ ಯಂತ್ರದ ಮಾತು ಕಟ್ಕೊಂಡು ಯಾರನ್ನೂ ಬಸ್ಸಿಂದ ಇಳಿಸ್ಬಾರದು."

"ಹಾಂ, ಇದು ಹುಡುಕೋಕಾಗುತ್ತೆ," ಎಂದು ಲೈಬ್ರರಿಯಮ್ಮ ಎದ್ದರು. ಮಧ್ಯಾಹ್ನವೆಲ್ಲ ಜಾಲಾಡಿ, ಹೊರೆಯಲ್ಲಿ ಮುಕ್ಕಾಲನ್ನು ರದ್ದಿಗೆ ತಳ್ಳಿ, ಕೊನೆಗೆ ಒಂದು ತೆಳ್ಳನೆಯ ಪುಸ್ತಿಕೆ ಕೊಟ್ಟರು. ಇನ್ನೊಂದೂರಿನ ನರ್ಸುಗಳ ಸಂಘ ಬರೆದದ್ದು. ಅವರ ವಾರ್ಡಿನಲ್ಲಿ ರೋಗಿಗಳನ್ನು ಕಾಯುವ ಯಂತ್ರವೊಂದು ಸುಮ್ಮಸುಮ್ಮನೆ ಕಿರುಚುತ್ತಿತ್ತಂತೆ; ಅದನ್ನು ಹೇಗೆ ಹತೋಟಿಗೆ ತಂದರು ಎಂಬ ಕಥೆ. ಬಸ್ಸಿನ ಸುದ್ದಿಯೇ ಅದರಲ್ಲಿರಲಿಲ್ಲ. ಆದರೆ ಯಂತ್ರ ತಂದವರನ್ನು ಏನೇನು ಕೇಳಬೇಕೆಂಬುದಿತ್ತು. ಎಷ್ಟು ಸಲ ತಪ್ಪಾಗಿ ಕೂಗಿತು? ಅದನ್ನು ಲೆಕ್ಕ ಇಟ್ಟವರು ಯಾರು? ಸರಿಯಾಗಿ ಕೂಗಿದ ದಿನ ಯಾರಾದರೂ ಕಿವಿಗೊಟ್ಟರೇ?

ಭಾನುವಾರ ಊಟಕ್ಕೆ ಬಂದ ಅರೆಗಣ್ಣನಿಗೆ ಹಾರ್ನಕ್ಕ ಅದನ್ನು ಓದಿ ಹೇಳಿದಳು. ಮೊದಲೆರಡಕ್ಕೆ ಅವನು ನಕ್ಕ. ಮೂರನೆಯದಕ್ಕೆ ತಟ್ಟೆಯಲ್ಲಿದ್ದ ಕೈ ನಿಂತಿತು.

"ಏನೋ?"

"ಏನಿಲ್ಲ ಅತ್ತಿಗೆ."

"ನಿನ್ನ ಮುಖ ನಂಗೊತ್ತು. ಬಾಯಿ ಬಿಡು."

"ಅದರ ಕಿರಿಕಿರಿ ತಡೀಲಾರದೆ ಸ್ಪೀಕರಿಗೆ ಟೇಪು ಸುತ್ತಿದ್ದೆ. ಡಬಲ್ ಡ್ಯೂಟಿ ಮಾಡ್ತಿದ್ನಲ್ಲ ಆಗ... ಒಂದಿನ ಸ್ಕೂಲ್ ತಿರುವಲ್ಲಿ... ನಿಜವಾಗ್ಲೂ ಕಣ್ಣು ಹತ್ತಿಬಿಡ್ತು. ಹಿಂದೆ ಕೂತಿದ್ದ ಅಜ್ಜಿಯೊಬ್ರು ಹೆಗಲಿಗೆ ಹೊಡೆದು ಎಬ್ಬಿಸಿದ್ರು. ಬಸ್ಸು ಗೋಡೆಗೆ ಗೇಣು ದೂರದಲ್ಲಿತ್ತು."

ಒಳಗೆ ಹೊಲಿಯುತ್ತಿದ್ದ ಗಂಡ ಎದ್ದು ಬಾಗಿಲಿಗೆ ಬಂದ.

"ಥೂ ನಿನ್ನ!" ಹಾರ್ನಕ್ಕ ಸೌಟು ಎಸೆದಳು, ಪುಣ್ಯಕ್ಕೆ ಗುರಿ ತಪ್ಪಿತು. "ನನ್ನ ಮೈದುನ ಒಂದ್ ದಿನಾನೂ ತೂಕಡಿಸಿಲ್ಲ ಅಂತ ಊರೆಲ್ಲಾ ಸಾರ್ಕೊಂಡು ಬಂದಿದೀನಲ್ಲೋ! ಆ ಬಸ್ಸಲ್ಲಿ ಜನ ಇದ್ರಲ್ಲೋ!"

"ಸಭೇಲಿ ಹೇಳ್ಬೇಡಿ ಅತ್ತಿಗೆ. ಹೊಟ್ಟೆಪಾಡು."

ಆಕೆ ಎಸೆದ ಸೌಟನ್ನು ಎತ್ತಿ ತೊಳೆದು, ಅವನ ತಟ್ಟೆಗೆ ಸಾರು ಬಡಿಸಿದಳು.

ಸೋಮವಾರ ಸಭೆಯಲ್ಲಿ ಮ್ಯಾನೇಜರ್, ಹೊಳೆಯುವ ಬೂಟಿನ ಯುವಕ, ಹಾರ್ನಕ್ಕ. ಅರೆಗಣ್ಣ ಹೊರಗೆ ಬೆಂಚಿನ ಮೇಲೆ.

"ನಮ್ಮ ಯಂತ್ರ ನೂರಕ್ಕೆ ತೊಂಬತ್ತೆಂಟು ಸಲ ಸರಿ ಹೇಳುತ್ತೆ," ಎಂದ ಯುವಕ.

"ಯಾವ ಊರಲ್ಲಿ, ಯಾರ ಕಣ್ಣು ನೋಡಿ? ಈ ಡಿಪೋದಲ್ಲಿ ಎಷ್ಟು ಕೂಗು ಸರಿ, ಎಷ್ಟು ತಪ್ಪು? ತೋರ್ಸಿ."

ಯುವಕ ಮ್ಯಾನೇಜರನ್ನು ನೋಡಿದ. ಮ್ಯಾನೇಜರ್ ಫ್ಯಾನನ್ನು ನೋಡಿದರು. ಫ್ಯಾನಿಗೆ ನೋಡಲು ಯಾರೂ ಉಳಿದಿರಲಿಲ್ಲ.

"ಯಾರೂ ಎಣಿಸೇ ಇಲ್ಲ! ಎಣಿಸದೆ ಒಬ್ಬ ಮನುಷ್ಯನ ಅನ್ನ ಕಿತ್ಕೊಂಡ್ರಾ?"

"ಆಯ್ತು, ಆಯ್ತು," ಮ್ಯಾನೇಜರ್ ಕೈಯೆತ್ತಿದರು. "ದೊಡ್ಡದು ಮಾಡ್ಬೇಡಿ. ನಾಳೆಯಿಂದ ನಿಮ್ಮ ಮೈದುನ ಬಸ್ ಹತ್ತಲಿ. ಅವನ ಬಸ್ಸಲ್ಲಿ ಯಂತ್ರ ಆಫ್ ಮಾಡಿಸ್ತೀನಿ. ಈಗ ಖುಷೀನಾ? ಸಭೆ ಮುಗೀತು."

ಕೇಳಲು ಬಂದದ್ದೆಲ್ಲ ತಟ್ಟೆಯಲ್ಲಿಟ್ಟು ಕೊಟ್ಟಿದ್ದರು. ಹಾರ್ನಕ್ಕ ಎದ್ದು ಬಾಗಿಲ ತನಕ ಹೋದಳು. ಅಲ್ಲಿ ನಿಂತಳು. ಬೆಂಚಿನ ಮೇಲಿದ್ದ ಅರೆಗಣ್ಣನನ್ನು ಒಮ್ಮೆ ನೋಡಿ, ತಿರುಗಿ ಮೇಜಿನ ಮುಂದಕ್ಕೆ ಬಂದಳು.

"ಇಲ್ಲ. ಅವನು ನಿದ್ದೆ ಮಾಡಿದಾನೆ," ಎಂದಳು. "ಒಂದ್ ಸಲ, ಸ್ಕೂಲ್ ತಿರುವಲ್ಲಿ. ಅವತ್ತೂ ನಿಮ್ಮ ಯಂತ್ರ ಕೂಗೇ ಇರುತ್ತೆ, ಅದರ ಬಾಯಿಗೆ ಟೇಪು. ಯಾಕೆ ಟೇಪು? ದಿನವಿಡೀ ಸುಳ್ಳು ಕೂಗ್ತಿತ್ತು. ಯಾಕೆ ನಿದ್ದೆ? ನೀವು ಎರಡು ಪಾಳಿ ಒಟ್ಟಿಗೆ ಓಡಿಸಿದ್ರಿ. ನೀವು, ಇವರ ಯಂತ್ರ, ನನ್ನ ಮೈದುನ, ಮೂರೂ ಜನ ಸೇರಿ ಆ ಬಸ್ಸನ್ನ ಗೋಡೆಗೆ ಗುದ್ದಿಸ್ತಿದ್ರಿ. ಈಗ ಯಂತ್ರ ಆಫ್ ಮಾಡಿ ಕೈ ತೊಳ್ಕೋತೀರಾ?"

ಅಲ್ಲಿಂದ ಮುಂದೆ ಟೀ ಬಂದು ಆರಿ, ಇನ್ನೊಮ್ಮೆ ಬಂದು ಆರುವ ತನಕ ಜಗಳ. ಯಂತ್ರದ ಕೂಗೊಂದನ್ನೇ ನಂಬಿ ಯಾರನ್ನೂ ಇಳಿಸುವಂತಿಲ್ಲ ಎಂದಾಯಿತು. ಪ್ರತಿ ಕೂಗನ್ನೂ ಆಫೀಸಿನವರೊಬ್ಬರು, ಸಂಘದವರೊಬ್ಬರು ನೋಡಿ ಸರಿಯೋ ತಪ್ಪೋ ಎಣಿಸಬೇಕು ಎಂದಾಯಿತು. ಡಬಲ್ ಡ್ಯೂಟಿಯ ಮಾತಿಗೆ ಮ್ಯಾನೇಜರ್ "ನೋಡೋಣ" ಎಂದರು; ಹಾಗೆಂದರೆ ನೋಡುವುದಿಲ್ಲವೆಂದು ಅರ್ಥ. ಅರೆಗಣ್ಣ ಡಾಕ್ಟರಿಂದ ಕಣ್ಣು, ನಿದ್ದೆ ಎರಡನ್ನೂ ಪರೀಕ್ಷೆ ಮಾಡಿಸಿಕೊಂಡು ಬರುವ ತನಕ ಪೈಪು ಹಿಡಿಯಬೇಕು.

ಗೇಟಿನ ಬಳಿ ಅರೆಗಣ್ಣ ಅಡ್ಡ ನಿಂತ. ಅವನ ಕಣ್ಣುಗಳು ಆವತ್ತು ಪೂರ್ತಿ ತೆರೆದಿದ್ದವು.

"ಎಲ್ಲಾ ಕೇಳಿಸ್ತು ಅತ್ತಿಗೆ. ನನ್ನ ಬಸ್ಸು ವಾಪಸ್ ಕೊಟ್ಟಿದ್ರು. ನೀವು ಕಿತ್ಕೊಂಡ್ರಿ. ಇನ್ಮೇಲೆ ನಿಮ್ಮನೇಗೆ ಬರಲ್ಲ, ನಿಮ್ ಜೊತೆ ಮಾತೂ ಆಡಲ್ಲ."

"ಆಡ್ಬೇಡ ಹೋಗೋ!" ಹಾರ್ನಕ್ಕನ ಕತ್ತಿನ ನರ ಉಬ್ಬಿತ್ತು. "ಬದುಕಿದ್ಕೊಂಡು ಮಾತು ಬಿಡು. ಸತ್ತು ಮಾತು ಬಿಟ್ರೆ ನಿಮ್ಮಣ್ಣನಿಗೆ ನಾನೇನು ಹೇಳ್ಲಿ?"

ಅವನು ಪೈಪಿನ ಕಡೆಗೆ ನಡೆದ. ಆಕೆ ಅವನ ಬೆನ್ನಿಗೆ ಇನ್ನೂ ಎರಡು ಬೈಗುಳ ಎಸೆದು, ಗ್ರಂಥಾಲಯದ ದಾರಿ ಹಿಡಿದಳು. ಡ್ರೈವರುಗಳನ್ನು ಎಷ್ಟು ಗಂಟೆ ದುಡಿಸಬಹುದೆಂದು ಎಲ್ಲೋ ಯಾರೋ ಬರೆದೇ ಇರುತ್ತಾರೆ, ಬಾಗಿಲು ಹಾಕುವುದರೊಳಗೆ ಅದನ್ನು ಹುಡುಕಿಸಬೇಕಿತ್ತು.