ಸ್ಟೇರಿಂಗಿನ ಕೆಳಗಿನ ಅಂಚು

ಹಳೆ ಕಾರು ಕೊಳ್ಳುವವರಿಗೆ ಬಿಟ್ಟಿ ಸಲಹೆ ಕೊಡುವುದು ನನ್ನ ಚಟ. ಬಣ್ಣಕ್ಕೆ ಮರುಳಾಗಬೇಡಿ, ಮೊದಲು ಸ್ಟೇರಿಂಗ್ ಹಿಡಿದು ಅಲ್ಲಾಡಿಸಿ. ಚಕ್ರಗಳು ಕದಲುವ ಮೊದಲೇ ಅದು ಅರ್ಧ ಗೇಣು ತಿರುಗಿದರೆ ಮುಖ ಸಿಂಡರಿಸಿ ಸುಮ್ಮನಿರಿ. ಮಾರುವವನು ತಾನಾಗಿಯೇ ಬೆಲೆ ಇಳಿಸುತ್ತಾನೆ. ಬಾಡಿಗೆಗೆ ಓಡಿಸಲೆಂದು ಮೂಡುಬಿದಿರೆಯಲ್ಲಿ ನನ್ನ ಕಾರನ್ನು ಕೊಂಡದ್ದು ಹೀಗೆಯೇ. ರಿಪೇರಿಗೆಂದು ಬಂಟ್ವಾಳಕ್ಕೆ ತರುವಾಗ ಅದು ರಸ್ತೆಯ ಎರಡೂ ಬದಿಯ ಬೇಲಿಗಳನ್ನು ವಿಚಾರಿಸಿಕೊಂಡು ಬಂತು ಎಂಬುದು ಬೇರೆ ಮಾತು.

ಮೊದಮೊದಲ ಕಾರುಗಳಿಗೆ ಈ ಗುಂಡಗಿನ ವಸ್ತುವೇ ಇರಲಿಲ್ಲವಂತೆ. ದೋಣಿಗಿರುವಂಥ ಚುಕ್ಕಾಣಿಯ ಕೋಲು ಇತ್ತಂತೆ. ಎತ್ತಿನ ಗಾಡಿಯ ವೇಗಕ್ಕೆ ಅದು ಸಾಕಿತ್ತು. ವೇಗ ಹೆಚ್ಚಿದ ಮೇಲೆ, ಹೊಂಡಕ್ಕೆ ಇಳಿದಾಗಲೆಲ್ಲ ಕೋಲು ಕೈಯನ್ನೇ ಕಿತ್ತುಕೊಳ್ಳತೊಡಗಿತು. ಆಗ ಚಕ್ರ ಬಂತು. ಇದನ್ನು ನಾನು ಓದಿ ತಿಳಿದೆ, ಅರ್ಥವಾದದ್ದು ಐತಪ್ಪನಿಂದ.

ಐತಪ್ಪ ನೇತ್ರಾವತಿಯಲ್ಲಿ ಸರಕಿನ ದೋಣಿ ನಡೆಸುತ್ತಿದ್ದವನು. ಸರಕೆಲ್ಲ ಲಾರಿ ಹತ್ತಿದ ಮೇಲೆ ದೋಣಿ ಮಾರಿ, ನನ್ನ ಕಾರಿಗೆ ಡ್ರೈವರಾಗಲು ಬಂದ. ಲೈಸೆನ್ಸು ಸಿಕ್ಕದಿದ್ದರೆ ಅವನಿಗೆ ಹೊಳೆಯೂ ಇಲ್ಲ, ರಸ್ತೆಯೂ ಇಲ್ಲ. ಆದರೆ ನಾನು ಬಲಕ್ಕೆ ಅಂದರೆ ಅವನ ಕೈ ಎಡಕ್ಕೆ. ದೋಣಿಯ ನ್ಯಾಯವೇ ಅದು: ಚುಕ್ಕಾಣಿಯ ಕೋಲನ್ನು ಎಡಕ್ಕೆ ದೂಡಿದರೆ ಮೂತಿ ಬಲಕ್ಕೆ. ಗುರುವಾಯನಕೆರೆಯ ತಿರುವಿನಲ್ಲಿ ಕಾರು ಯಾರದೋ ಬೈಹುಲ್ಲಿನ ರಾಶಿಗೆ ನುಗ್ಗಿತು.

“ಎಂಥದು ಮಾರಾಯ, ದನಕ್ಕೂ ಸ್ವಲ್ಪ ಬಿಡು,” ಎಂದೆ.

“ನಾನು ಸರಿಯಾಗಿಯೇ ತಿರುಗಿಸಿದ್ದು ಧಣಿಗಳೇ, ನಿಮ್ಮ ಕಾರು ಕೇಳುವುದಿಲ್ಲ. ನಾಡಿದ್ದು ಲೈಸೆನ್ಸಿನ ಪರೀಕ್ಷೆಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರು ನನ್ನನ್ನು ಓಡಿಸ್ತಾರೆ.” ಅವನ ದನಿ ಸಣ್ಣದಾಗಿತ್ತು.

ಬೈದರೆ ಕೈ ಕಲಿಯುವುದಿಲ್ಲ. ಚೌಕಾಸಿಯಲ್ಲಿ ಎದುರಿನವನು ಬಗ್ಗದಿದ್ದರೆ ಹಿಡಿತ ಬದಲಿಸಬೇಕು. ಅವನ ಕೈಗಳನ್ನು ಸ್ಟೇರಿಂಗಿನ ಮೇಲಿನಿಂದ ತೆಗೆದು ಕೆಳಗಿನ ಅಂಚಿಗೆ ಇಟ್ಟೆ. “ಈಗ ನಿನ್ನ ದೋಣಿಯ ಹಾಗೆಯೇ ಮಾಡು.” ಅಲ್ಲಿ ಕೈ ಎಡಕ್ಕೆ ಹೋದರೆ ಕಾರು ಬಲಕ್ಕೇ ಹೋಗುತ್ತದೆ; ಬೇಕಾದರೆ ಹಿಡಿದು ನೋಡಿ.

ಐತಪ್ಪ ಒಂದು ತಿರುವು ದಾಟಿ ನಗತೊಡಗಿದ. “ಮೊದಲೇ ಹೇಳಬಾರದಿತ್ತಾ? ಇದರೊಳಗೂ ಹೊಳೆ ಉಂಟು.”

ಪರೀಕ್ಷೆಯ ದಿನ ಬೆಳ್ತಂಗಡಿ ಪೇಟೆಯಲ್ಲಿ ಒಂದು ಸುತ್ತು ಹಾಕಿಸಿ ಇಳಿದ ಇನ್‌ಸ್ಪೆಕ್ಟರು ಕೇಳಿದರು, “ಅದನ್ನು ಯಾಕಯ್ಯಾ ಮಗುವನ್ನು ಎತ್ತಿಕೊಂಡ ಹಾಗೆ ಕೆಳಗಿನಿಂದ ಹಿಡಿದದ್ದು?”

“ಬೀಳಬಾರದಲ್ಲ ಸಾರ್.”

ಅವರು ನಕ್ಕು ಪಾಸು ಮಾಡಿದರು.

ಹೊರಡುವಾಗ ನಾನು ಎಂದಿನಂತೆ ಮುಂದಿನ ಬಾಗಿಲಿಗೆ ಕೈ ಹಾಕಿದೆ. ಐತಪ್ಪ ಹಿಂದಿನ ಬಾಗಿಲು ತೆರೆದ. “ಇಲ್ಲಿ ಕೂತುಕೊಳ್ಳಿ ಧಣಿಗಳೇ. ಸಲಹೆ ಕೊಡುವವರನ್ನು ಚುಕ್ಕಾಣಿಯ ಹತ್ತಿರ ಕೂರಿಸಿದರೆ ದೋಣಿ ದಡ ಸೇರುವುದಿಲ್ಲ.”

ಕೂತೆ. ಬಂಟ್ವಾಳದವರೆಗೂ ಬಾಯಿ ಮುಚ್ಚಿಕೊಂಡಿದ್ದೆ. ಕಾರು ಬಿಡುವುದಕ್ಕಿಂತ ಅದು ಕಷ್ಟದ ವಿದ್ಯೆ. ಅದಕ್ಕೆ ಲೈಸೆನ್ಸು ಕೊಡುವವರೂ ಇಲ್ಲ.