ಹೆಗಲ ಮೇಲೆ ತೂಗಿ ಆರಿಸಿದ ಸೈಕಲ್ಲು

ನಾನು ಹೈಸ್ಕೂಲಿಗೆ ಹೋಗುತ್ತಿದ್ದ ಆ ವರ್ಷಗಳಲ್ಲಿ ಕುಷ್ಟಗಿ ಸೀಮೆಯ ನಮ್ಮ ಊರಿಗೆ ಡಾಂಬರು ಬಂದಿರಲಿಲ್ಲ. ಮನೆಯಿಂದ ಒಂದೂವರೆ ಮೈಲಿ ಎರೆಹೊಲದ ಬಂಡಿದಾರಿ. ಅದನ್ನು ದಾಟಿದರೆ ಕುಷ್ಟಗಿಯ ತನಕ ನುಣುಪಾದ ರಸ್ತೆ. ಎರಡಕ್ಕೂ ಒಂದೇ ಸೈಕಲ್ಲು ಒದಗಬೇಕಿತ್ತು.

ಹುಡುಗರ ಸರಿಸಮ ಕಾಣಬೇಕೆಂದೇ ನಾನು ಗಂಡಸರ ಸೈಕಲ್ಲಿಗೆ ಹಟ ಹಿಡಿದೆ ಎಂಬ ಕತೆ ನಮ್ಮ ಬಳಗದಲ್ಲಿ ಇಂದಿಗೂ ಓಡಾಡುತ್ತಿದೆ. ಅದನ್ನು ಹೇಳುವವರಲ್ಲಿ ಒಬ್ಬರೂ ಆ ದಾರಿಯಲ್ಲಿ ನನ್ನ ಜೊತೆ ಬಂದವರಲ್ಲ.

ಎಂಟನೆಯ ತರಗತಿಗೆ ಸೇರಿದಾಗ ಅಪ್ಪ, ಖಾಜಾಸಾಬರ ಅಂಗಡಿಯಿಂದ ನಡುವೆ ದಂಡಿಯಿಲ್ಲದ ಹೆಂಗಸರ ಸೈಕಲ್ಲು ತಂದ. ತಂದ ದಿನವೇ ಕರಾರು ಹಾಕಿದ:

“ಮಳಿ ಅಂತ ಮೂರು ದಿನ ಸಾಲಿ ತಪ್ಪಿತಂದ್ರ, ನಾಕನೇ ದಿನ ಸಾಲಿ ಬಿಟ್ಟು ಹೊಲಕ್ಕ ಕಸ ತೆಗಿಯಾಕ ನೋಡವಾ.”

ಬಿಸಿಲಿರುವಷ್ಟು ದಿನ ಆ ಸೈಕಲ್ಲು ಹಕ್ಕಿಯಂತೆ ಹಾರಿತು. ಮಳೆ ಬಿದ್ದಾಗ ಎರೆಮಣ್ಣು ಮಡಗಾರ್ಡಿನೊಳಗೆ ಮೆತ್ತಿ, ಗಾಲಿ ತಿರುಗುವುದನ್ನೇ ನಿಲ್ಲಿಸಿತು. ಹುಡುಗರು ತಮ್ಮ ಸೈಕಲ್ಲುಗಳ ದಂಡಿಯನ್ನು ಹೆಗಲಿಗೇರಿಸಿಕೊಂಡು ನನ್ನನ್ನು ದಾಟಿ ನಡೆದರು.

“ನಿನ್ನ ಸೈಕಲ್ಲಿಗೆ ಸೊಂಟನ ಇಲ್ಲಲ್ಲಬೇ, ಹೆಂಗ ಎತ್ತತಿ?”

ಎತ್ತಲಾಗಲಿಲ್ಲ. ಅಂದೂ ಮರುದಿನವೂ ಅರ್ಧ ದಾರಿಯಿಂದ ಅದನ್ನು ಎಳೆದುಕೊಂಡು ಮನೆಗೆ ಮರಳಿದೆ. ಅಪ್ಪನ ಕರಾರಿನಲ್ಲಿ ಉಳಿದದ್ದು ಒಂದೇ ದಿನ.

ಭಾನುವಾರ ಮಳೆ ಬಿಡುವು ಕೊಟ್ಟಿತು. ಅಪ್ಪನನ್ನು ಕಾಡಿ ಅಂಗಡಿಗೆ ಕರೆದೊಯ್ದೆ. ಗ್ರೀಸು, ಪಂಕ್ಚರ್ ಸಲ್ಯೂಷನ್ನಿನ ಆ ಘಾಟು ಇಂದಿಗೂ ನನ್ನ ಮೂಗಿನಲ್ಲಿದೆ. ಖಾಜಾಸಾಬರು ಎಲ್ಲಕ್ಕಿಂತ ಭಾರದ ಸೈಕಲ್ಲನ್ನು ಮುಂದೆ ನಿಲ್ಲಿಸಿದರು.

“ಕೆಸರಿಗೆ ಇದ ಬೇಕ್ರಿ ಯಜಮಾನ್ರ. ಎರಡು ಚೀಲ ಜ್ವಾಳ ಹೇರಿದ್ರೂ ಜಗ್ಗಂಗಿಲ್ಲ.”

ಊರೆಲ್ಲ ಹಾಗೆಯೇ ಹೇಳುತ್ತಿತ್ತು. ನಾನು ಅದನ್ನು ಎತ್ತಿದೆ, ಮೊಣಕಾಲು ಕುಸಿಯಿತು. ಕೆಳಗಿಟ್ಟು, ಮೂಲೆಯಲ್ಲಿದ್ದ ಹಗುರವಾದ ಹಳೆಯ ದಂಡಿ ಸೈಕಲ್ಲನ್ನು ಹೆಗಲಿಗೇರಿಸಿ ಅಂಗಡಿ ಮುಂದಿನ ಬೇವಿನ ಮರವನ್ನು ಎರಡು ಸುತ್ತು ಹಾಕಿದೆ. ಖಾಜಾಸಾಬರು ಬಿದ್ದು ಬಿದ್ದು ನಕ್ಕರು.

“ಸೈಕಲ್ ಹತ್ತಾಕೋ, ಹೊರಾಕೋ, ತಂಗೀ?”

“ಎರಡಕ್ಕೂರಿ ಕಾಕಾ. ದಾರಿ ಹಂಗೈತಿ.”

ಟೈರಿಗೂ ಮಡಗಾರ್ಡಿಗೂ ನಡುವೆ ಬೆರಳಿಟ್ಟು ನೋಡಿದೆ; ಒಂದೇ ಹಿಡಿಯಿತು. ಎರಡು ಬೆರಳು ಹಿಡಿಯುವಂತೆ ಮಡಗಾರ್ಡು ಎತ್ತರಿಸಿಕೊಡಲು ಕೇಳಿದೆ. ಖಾಜಾಸಾಬರು ನಗು ನಿಲ್ಲಿಸಿ ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡರು. ಅಪ್ಪ ಮಾತ್ರ ಮುಖ ಗಂಟಿಕ್ಕಿದ.

“ಹೆಣ್ಮಗಳು ದಂಡಿ ಸೈಕಲ್ ಮ್ಯಾಲೆ ಕುಂತ್ರ ಮಂದಿ ಏನಂದಾರು?”

“ಮಂದಿ ಮಳ್ಯಾಗ ನನ್ನ ಸಾಲಿಗೆ ಮುಟ್ಟಸ್ತಾರೇನಪ್ಪಾ?”

ಸೋಮವಾರ ಬೆಳಗಿನಿಂದಲೇ ಮಳೆ. ಅವ್ವ ಸಜ್ಜೆರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ದಂಡಿ ಸೈಕಲ್ಲಿನ ಹ್ಯಾಂಡಲಿಗೆ ಕಟ್ಟಿದಳು. ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ ಹೊರಟೆ. ಅಪ್ಪ ಗೋಣಿಚೀಲದ ಕೊಪ್ಪೆ ಹೊದ್ದು ಹಿಂದೆ ನಡೆದು ಬಂದ. ಎರಡು ಬೆರಳಿನ ಸಂದು ಅರ್ಧ ದಾರಿ ಕಾಯಿತು. ಉಳಿದರ್ಧವನ್ನು ನನ್ನ ಹೆಗಲು ದಾಟಿಸಿತು. ರಸ್ತೆಯಂಚಿಗೆ ಬಂದು ಸೈಕಲ್ಲು ಇಳಿಸಿದಾಗ ಅಪ್ಪನೇ ಕುಕ್ಕರಗಾಲಲ್ಲಿ ಕುಳಿತು ಕಡ್ಡಿಯಿಂದ ಗಾಲಿಯ ಮಣ್ಣು ಕೆರೆದ.

“ಹೋಗಿನ್ನ. ಗಂಟಿ ಬಾರಿಸಿಬಿಟ್ಟಾರು.”

ಕಸ ತೆಗೆಯುವ ಮಾತು ಮತ್ತೆ ಬರಲಿಲ್ಲ. ಹತ್ತನೆಯ ತರಗತಿಯ ತನಕ ಆ ಸೈಕಲ್ಲು ಮುಟ್ಟಿಸಿತು; ಮುಂದಿನದನ್ನು ನಾನೇ ಓದಿಕೊಂಡೆ.

ಮೊನ್ನೆ ಮೊಮ್ಮಗಳು ಗಂಗಾವತಿಯಿಂದ ಸಾಣಾಪುರದ ಗುಡ್ಡದ ದಾರಿಗಳನ್ನೆಲ್ಲ ಸುತ್ತಲು ಸೈಕಲ್ಲು ಕೊಳ್ಳಹೊರಟಳು. ಅಂಗಡಿಯವನು ಗೇರುಗಳ ಗುಣಗಾನ ಮುಗಿಸುವ ತನಕ ತಾಳಿಕೊಂಡಿದ್ದು, “ಹೆಗಲ ಮ್ಯಾಲೆ ಇಟಗೊಂಡು ನೋಡವಾ” ಎಂದೆ. ಅವಳು ನಗುತ್ತಲೇ ಎತ್ತಿ ನೋಡಿ, ಆಮೇಲೆ ಹಗುರವಾದುದನ್ನೇ ಆರಿಸಿದಳು.

ಅಲ್ಲಿಂದ ನಮ್ಮ ಊರಿಗೆ ಬರುವಾಗ ಅವಳಿಗೆ ನನ್ನ ಬಂಡಿದಾರಿಯನ್ನು ತೋರಿಸಹೋದೆ. ಈಗ ಅದು ಮನೆಬಾಗಿಲ ತನಕ ಕಾಂಕ್ರೀಟು. ಒಳ್ಳೆಯದೇ ಆಯಿತು, ಅಳಲಾರೆ. ಆದರೆ ಅಪ್ಪ ಕುಳಿತು ಮಣ್ಣು ಕೆರೆದ ಜಾಗ ಯಾವುದೆಂದು ಅವಳು ಕೇಳಿದಾಗ, ಇಷ್ಟು ಖಚಿತವಾಗಿ ಮಾತಾಡುವ ನಾನು ಬೆರಳಿಟ್ಟು ತೋರಿಸಲಾರದೆ ಹೋದೆ.